ಪ್ರವಾಹದ ಚಿತ್ರ, ಅಯಸ್ಕಾಂತದ ಸಂಗ

1967ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಎಸ್ಮನ್ ಮತ್ತು ಟ್ರಾಯ್ಬ್ಲೆ ಎಂಬಿಬ್ಬರು ತೆಗೆದ ಒಂದು ಕಪ್ಪು-ಬಿಳುಪು ಚಿತ್ರವಿದೆ. ಮೊದಲ ನೋಟಕ್ಕೆ ಬರೀ ಚುಕ್ಕೆಗಳು. ಒಂದರ ಸುತ್ತ ಆರು, ಆ ಆರರಲ್ಲಿ ಒಂದೊಂದರ ಸುತ್ತಲೂ ಮತ್ತೆ ಆರು. ಅಲ್ಲಲ್ಲಿ ಒಂದು ಸಾಲು ನಟ್ಟನಡುವೆ ಮುಗಿದುಹೋಗುತ್ತದೆ, ಅಕ್ಕಪಕ್ಕದ ಸಾಲುಗಳು ಮೆಲ್ಲಗೆ ಬಾಗಿ ಆ ತೆರವನ್ನು ತುಂಬುತ್ತವೆ. ಈ ಚಿತ್ರದ ಮುಂದೆ ನಾನು ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ. ಏಕೆಂದರೆ ಅಲ್ಲಿ ಒಂದೊಂದು ಚುಕ್ಕೆಯ ಸುತ್ತಲೂ ವಿದ್ಯುತ್ತು ಸುತ್ತುತ್ತಿದೆ. ಬ್ಯಾಟರಿಯಿಲ್ಲ, ತಂತಿಯಿಲ್ಲ, ತಡೆಯಂತೂ ಇಲ್ಲವೇ ಇಲ್ಲ. ತಣ್ಣಗೆ ಇಟ್ಟಷ್ಟು ಕಾಲವೂ ಅದು ಹಾಗೆಯೇ ಸುತ್ತುತ್ತಿರುತ್ತದೆ.

ಆ ಚಿತ್ರ ಬರೆದ ಶಾಯಿ ಕಬ್ಬಿಣ. ಸೀಸಕ್ಕೆ ಒಂದಿಷ್ಟು ಇಂಡಿಯಂ ಬೆರೆಸಿದ ಮಿಶ್ರಲೋಹವನ್ನು ದ್ರವ ಹೀಲಿಯಂನ ಚಳಿಗೆ ಇಳಿಸಿ, ತೆಳುವಾದ ಹೀಲಿಯಂ ಅನಿಲದಲ್ಲಿ ಕಬ್ಬಿಣವನ್ನು ಕಾಯಿಸಿ ಆವಿ ಮಾಡಿದರು. ಆವಿ ಹೆಪ್ಪುಗಟ್ಟಿ ಅತಿ ನಯವಾದ ಹೊಗೆಯಾಯಿತು. ಹೊಗೆಯ ಕಣಗಳು ತೇಲಿ ಬಂದು, ಲೋಹದ ಮೈಯಿಂದ ಕಾಂತಕ್ಷೇತ್ರ ಎಲ್ಲೆಲ್ಲಿ ಹೊರಗೆ ಚಿಮ್ಮುತ್ತಿತ್ತೋ ಅಲ್ಲಲ್ಲೇ ಗುಂಪುಗೂಡಿ ಕೂತವು. ಆಮೇಲೆ ಲೋಹವನ್ನು ಬೆಚ್ಚಗೆ ಮಾಡಿದರೂ ಕಬ್ಬಿಣ ಕದಲಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನಿಧಾನವಾಗಿ ನೋಡಬಹುದಾಗಿತ್ತು. ಹೀಗೆ ತಡೆಯಿಲ್ಲದೆ ವಿದ್ಯುತ್ತು ಹರಿಸುವ ಅತಿವಾಹಕದ ಒಳಗಿನ ಪ್ರವಾಹವನ್ನು ಕಣ್ಣಿಗೆ ಕಾಣಿಸಿದ್ದು ಅಯಸ್ಕಾಂತದ ಧೂಳು. ಈ ಕಲೆಯ ಚರಿತ್ರೆಯುದ್ದಕ್ಕೂ ಅಯಸ್ಕಾಂತ ಎರಡು ವೇಷ ಹಾಕುತ್ತ ಬಂದಿದೆ: ಒಮ್ಮೆ ನೋಡುವ ಕಣ್ಣು, ಇನ್ನೊಮ್ಮೆ ನೋಡಿಸಿಕೊಳ್ಳುವ ಜೊತೆಗಾರ. ಇವೆರಡೂ ಒಂದೇ ವಸ್ತುವಿನಲ್ಲಿ ಸೇರಿದಾಗ ಸಿಗುವ ರುಚಿಯೇ ಬೇರೆ.

ಹಿನ್ನೆಲೆಯನ್ನು ಬೇಗ ಮುಗಿಸಿಬಿಡುತ್ತೇನೆ. 1911ರಲ್ಲಿ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು 4.2 ಕೆಲ್ವಿನ್‌ಗೆ ಇಳಿಸಿದಾಗ ಅದರ ವಿದ್ಯುತ್ ತಡೆ ಇದ್ದಕ್ಕಿದ್ದಂತೆ ಮಾಯವಾಯಿತು. 1933ರಲ್ಲಿ ಬರ್ಲಿನ್ನಿನ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್, ಇಂಥ ವಸ್ತು ತನ್ನೊಳಗಿನ ಕಾಂತಕ್ಷೇತ್ರವನ್ನೂ ಹೊರದಬ್ಬುತ್ತದೆ ಎಂದು ಕಂಡರು. ಅದು ಹೇಗೆ ದಬ್ಬುತ್ತದೆ ಎಂಬುದಕ್ಕೆ ಎರಡು ವರ್ಷದ ನಂತರ ಲಂಡನ್ ಸೋದರರು ಉತ್ತರ ಕೊಟ್ಟರು. ಮೈಯ ತೊಗಲಿನಷ್ಟೇ ಆಳದಲ್ಲಿ ವಸ್ತು ತಾನೇ ಒಂದು ಪ್ರವಾಹವನ್ನು ಹರಿಸಿಕೊಳ್ಳುತ್ತದೆ. ಆ ಪ್ರವಾಹದ ಕ್ಷೇತ್ರ ಹೊರಗಿನ ಕ್ಷೇತ್ರವನ್ನು ಒಳಗೆ ಅಳಿಸಿಹಾಕುತ್ತದೆ. ಶುದ್ಧ ನಿಯೋಬಿಯಂನಲ್ಲಿ ಆ ತೊಗಲು ಸುಮಾರು 40 ನ್ಯಾನೋಮೀಟರ್ ದಪ್ಪ. ಕ್ಷೇತ್ರ ಹೆಚ್ಚಾದರೆ ಕೆಲವು ಅತಿವಾಹಕಗಳು ಪೂರ್ತಿ ಸೋಲೊಪ್ಪದೆ ಅದನ್ನು ಎಳೆ ಎಳೆಯಾಗಿ ಒಳಗೆ ಬಿಟ್ಟುಕೊಳ್ಳುತ್ತವೆ. ಎಳೆಯ ನಡುವೆ ಕಾಂತಕ್ಷೇತ್ರ, ಸುತ್ತ ಪ್ರವಾಹದ ಸುಳಿ. ಅಬ್ರಿಕೊಸೊವ್ 1957ರಲ್ಲಿ ಕಾಗದದ ಮೇಲೆ ಕಂಡ ಸುಳಿ ಇದು. ಪ್ರತಿ ಸುಳಿಯೂ ಹೊರುವ ಕಾಂತಾಭಿವಾಹ ಒಂದೇ ಅಳತೆಯದು, ಸುಮಾರು 2.07 ಫೆಮ್ಟೋವೆಬರ್. ಭೂಮಿಯ ಕ್ಷೇತ್ರವನ್ನು 40 ಮೈಕ್ರೋಟೆಸ್ಲಾ ಎಂದು ಹಿಡಿದರೂ, ಆ ಲೆಕ್ಕದಲ್ಲಿ ಒಂದು ಚದರ ಮಿಲಿಮೀಟರಿಗೆ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸುಳಿಗಳಾಗುತ್ತವೆ. ಪ್ರಕೃತಿ ಎಣಿಸಿಕೊಡುವ ವಸ್ತುಗಳು ಕಡಿಮೆ. ಇದು ಅಂಥದ್ದೊಂದು.

ಅಯಸ್ಕಾಂತಕ್ಕೂ ಅತಿವಾಹಕಕ್ಕೂ ಬದ್ಧವೈರ ಎಂಬುದು ಬಹುಕಾಲದ ನಂಬಿಕೆ. ಗಿಂಜ್‌ಬುರ್ಗ್ 1956ರಲ್ಲಿಯೇ ಈ ಕಾಳಗದ ಲೆಕ್ಕ ಬರೆದಿಟ್ಟರು. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಎದುರುಬದುರು ಸ್ಪಿನ್ ಇಟ್ಟುಕೊಂಡು ಜೋಡಿಯಾಗುತ್ತವೆ. ಅಯಸ್ಕಾಂತವೋ ಎಲ್ಲ ಸ್ಪಿನ್‌ಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಲು ನೋಡುತ್ತದೆ. ಜೋಡಿ ಮುರಿಯದೆ ಇದ್ದೀತೆ? ಆದರೆ ವೈರಿಗಳನ್ನು ಒಂದೇ ಹಾಸಿನಲ್ಲಿ ಬೆರೆಸದೆ ಮಗ್ಗುಲಲ್ಲಿ ಮಲಗಿಸಿದರೆ, ಅಂದರೆ ಒಂದರ ಮೇಲೊಂದು ತೆಳುಪದರವಾಗಿ ಇಟ್ಟರೆ, ಜಗಳ ಸಂವಾದವಾಗುತ್ತದೆ. ಅಯಸ್ಕಾಂತದ ಅಂಚಿನಿಂದ, ಅದರ ಕಾಂತವಲಯಗಳ ಗಡಿಗಳಿಂದ ಕ್ಷೇತ್ರ ಹೊರಗೆ ಸೋರುತ್ತದೆ. ಸೋರಿದ ಪ್ರತಿ ಹನಿಗೂ ಮೇಲಿನ ಅತಿವಾಹಕ ಪ್ರವಾಹದಲ್ಲಿ ಉತ್ತರ ಕೊಡಲೇಬೇಕು. ಉತ್ತರ ಕೊಡದೆ ಇರುವ ಸ್ವಾತಂತ್ರ್ಯ ಅದಕ್ಕಿಲ್ಲ. ಹೀಗಾಗಿ ಇಂಥ ಜೋಡಿಪದರದಲ್ಲಿ ಪ್ರವಾಹ ಎಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಪಾಟಾಗಿ ಹರಿಯುವ ಸಂಗತಿ ಅಲ್ಲ. ಕೆಳಗಿನ ಅಯಸ್ಕಾಂತದ ಏರಿಳಿತವನ್ನೆಲ್ಲ ತದ್ವಿರುದ್ಧವಾಗಿ ನಕಲು ಮಾಡಿದ, ಬಾಗಿ ಬಳುಕುವ, ತನ್ನಷ್ಟಕ್ಕೆ ತಾನು ಸುತ್ತಿಕೊಳ್ಳುವ ಒಂದು ಕುಸುರಿ.

ಈ ಕುಸುರಿಯನ್ನು ನೇರವಾಗಿ ನೋಡಿದವರು ಯಾರೂ ಇಲ್ಲ. ನೋಡಲು ಸಿಗುವುದು ಪ್ರವಾಹ ಹುಟ್ಟಿಸಿದ ಕ್ಷೇತ್ರ. ಬೆಳಕಿನಿಂದ ಅದನ್ನು ಹಿಡಿಯುವ ಉಪಾಯಕ್ಕೆ ಮೂಲ 1845ರ ಫ್ಯಾರಡೆ. ಕಾಂತಕ್ಷೇತ್ರವಿರುವ ಗಾಜಿನ ಮೂಲಕ ಹಾಯ್ದ ಬೆಳಕಿನ ಧ್ರುವೀಕರಣ ಸ್ವಲ್ಪ ಹೊರಳುತ್ತದೆ ಎಂದು ತೋರಿಸಿದವರು ಅವರು. ಅತಿವಾಹಕದ ಮೇಲೆ ಈ ಗುಣ ಬಲವಾಗಿರುವ ಒಂದು ಹಾಳೆಯನ್ನು ಹಾಸಿ, ಧ್ರುವೀಕರಿಸಿದ ಬೆಳಕು ಬಿಟ್ಟರೆ, ಕ್ಷೇತ್ರ ಇದ್ದಲ್ಲಿ ಹೊಳಪು, ಇಲ್ಲದಲ್ಲಿ ಕತ್ತಲು. ಮೊದಮೊದಲು ಆ ಹಾಳೆಗೆ ಯೂರೋಪಿಯಂ ಸಲ್ಫೈಡಿನಂಥ ಸಂಯುಕ್ತಗಳನ್ನು ಬಳಸುತ್ತಿದ್ದರು. ಆಮೇಲೆ ಬಿಸ್ಮತ್ ಬೆರೆಸಿದ ಕಬ್ಬಿಣದ ಗಾರ್ನೆಟ್ ಬಂದಿತು. 2001ರಲ್ಲಿ ನಾರ್ವೆಯ ಓಸ್ಲೋ ತಂಡ ಗಾರ್ನೆಟ್ ಹಾಳೆಯ ಮೂಲಕ ಒಂಟಿ ಸುಳಿಯನ್ನೂ ಬಿಡಿಯಾಗಿ ತೋರಿಸಿತು, ಅದೂ ಚಲಿಸುತ್ತಿರುವಾಗಲೇ. ಈ ಎರಡು ಹೆಸರುಗಳನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು: ಯೂರೋಪಿಯಂ ಸಲ್ಫೈಡ್ ಮತ್ತು ಗಾರ್ನೆಟ್. ಎರಡೂ ಅಯಸ್ಕಾಂತಗಳೇ, ಎರಡೂ ಆಗಿನ್ನೂ ಪ್ರೇಕ್ಷಕರು.

ಕ್ಷೇತ್ರದ ನಕ್ಷೆ ಕೈಗೆ ಬಂದ ಮೇಲೆ ಪ್ರವಾಹದ ನಕ್ಷೆಗೆ ಹೋಗುವುದು ಲೆಕ್ಕದ ದಾರಿ. ತೆಳುಹಾಳೆಯೊಳಗೇ ಹರಿಯುವ ಪ್ರವಾಹಕ್ಕೆ ಈ ದಾರಿ ತೆರೆದಿದೆ ಎಂದು ರಾತ್, ಸೆಪುಲ್ವೆಡಾ, ವಿಕ್ಸ್ವೊ 1989ರಲ್ಲಿ ಅಚ್ಚುಕಟ್ಟಾಗಿ ತೋರಿಸಿದರು. ಅವರ ಸೂತ್ರದಲ್ಲಿ ಒಂದು ಕ್ರೂರ ಪದವಿದೆ. ಕುಸುರಿಯ ಒಂದು ಗೆರೆಯಿಂದ ಮುಂದಿನ ಗೆರೆಗೆ ಎಷ್ಟು ಅಂತರವೋ, ಅಷ್ಟೇ ಎತ್ತರಕ್ಕೆ ನೀವು ಮೇಲೆ ಸರಿದರೆ, ಆ ಕುಸುರಿಯ ಕ್ಷೇತ್ರದಲ್ಲಿ ಉಳಿಯುವುದು ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇನ್ನಷ್ಟು ಸರಿದರೆ ಗದ್ದಲದಲ್ಲಿ ಅದು ಕಳೆದೇಹೋಯಿತು. ಮತ್ತೆ ಯಾವ ಗಣಿತವೂ ಅದನ್ನು ಹಿಂದಕ್ಕೆ ತಾರದು. ಹಾಗಾಗಿ ಈ ಕಲೆಯಲ್ಲಿ ಕೈಚಳಕವೆಲ್ಲ ಹತ್ತಿರ ಹೋಗುವುದರಲ್ಲಿದೆ. ಮುಟ್ಟಬಾರದು, ಆದರೆ ಮುಟ್ಟಿಯೇಬಿಟ್ಟಂತೆ ಇರಬೇಕು.

ಹತ್ತಿರ ಹೋಗುವ ಉಪಕರಣಗಳಲ್ಲಿ ನನ್ನ ಮನಸ್ಸು ಸೋತಿರುವುದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಎಲಿ ಜೆಲ್ದೊವ್ ಅವರ ಬಳಗ ಕಟ್ಟಿದ, ಸೂಜಿಯ ತುದಿಯಲ್ಲಿ ಕೂತ ಸ್ಕ್ವಿಡ್‌ಗೆ. ಸ್ಕ್ವಿಡ್ ಎಂದರೆ ಅತಿವಾಹಕದ ಒಂದು ಉಂಗುರ, ಅದರ ಎರಡು ಕಡೆ ಎರಡು ದುರ್ಬಲ ಕೊಂಡಿ. ಜೋಸೆಫ್‌ಸನ್ 1962ರಲ್ಲಿ ಊಹಿಸಿದ ವಿದ್ಯಮಾನದ ಮೇಲೆ 1964ರಲ್ಲಿ ಫೋರ್ಡ್ ಮೋಟಾರು ಕಂಪನಿಯ ಪ್ರಯೋಗಾಲಯದಲ್ಲಿ ಅದು ಹುಟ್ಟಿತು. (ಕಾರು ಮಾಡುವವರ ಮನೆಯಲ್ಲಿ ಇಂಥ ಕೂಸು ಹುಟ್ಟಿದ ಕಾಲ ಅದು!) ಉಂಗುರದೊಳಗೆ ಹಾಯುವ ಕಾಂತಾಭಿವಾಹ ಸುಳಿಯೊಂದರ ಅಳತೆಯ ಅತಿ ಸಣ್ಣ ಭಾಗದಷ್ಟು ಬದಲಾದರೂ ಸ್ಕ್ವಿಡ್‌ಗೆ ತಿಳಿಯುತ್ತದೆ. ಅದನ್ನು ಸಾಮಾನ್ಯವಾಗಿ ಚಪ್ಪಟೆ ಚಿಪ್ಪಿನ ಮೇಲೆ ಕೊರೆಯುತ್ತಾರೆ, ಆದರೆ ಚಪ್ಪಟೆ ಚಿಪ್ಪನ್ನು ತೀರ ಹತ್ತಿರಕ್ಕೆ ತರುವುದು ಕಷ್ಟ.

ವೈಜ್‌ಮನ್ ಬಳಗ ಚಿಪ್ಪನ್ನೇ ಬಿಟ್ಟುಕೊಟ್ಟಿತು. ಸ್ಫಟಿಕದ ಒಂದು ಸಪೂರ ನಳಿಗೆಯನ್ನು ಲೇಸರಿನಲ್ಲಿ ಕಾಯಿಸಿ, ಮೆತ್ತಗಾದ ಕ್ಷಣ ಎರಡೂ ತುದಿಯಿಂದ ಎಳೆಯುತ್ತಾರೆ. ಹದ ಬಂದ ಒಂದೆಳೆ ಪಾಕವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡುವವರಿಗೆ ಈ ಕ್ಷಣದ ರೋಮಾಂಚನ ಗೊತ್ತಿರುತ್ತದೆ. ಎಳೆ ತೆಳುವಾಗುತ್ತ, ತೆಳುವಾಗುತ್ತ ತುಂಡಾಗುತ್ತದೆ. ಆದರೆ ಇಲ್ಲಿ ತುಂಡಾದ ತುದಿಯಲ್ಲೂ ನಳಿಗೆಯ ಟೊಳ್ಳು ಉಳಿದಿರುತ್ತದೆ, ಬಾಯಿ ದುಂಡಗಿರುತ್ತದೆ. ಆ ಬಾಯಿಯ ಅಂಚೇ ಮುಂದಿನ ಉಂಗುರದ ಅಚ್ಚು. ನಳಿಗೆಯನ್ನು ಓರೆಯಾಗಿ ಹಿಡಿದು ಒಂದು ಪಕ್ಕಕ್ಕೆ ಸೀಸದ ಆವಿ, ತಿರುಗಿಸಿ ಇನ್ನೊಂದು ಪಕ್ಕಕ್ಕೆ ಸೀಸದ ಆವಿ. ಇವು ಎರಡು ತಂತಿಗಳಾದವು. ಆಮೇಲೆ ನೇರ ಮುಖಕ್ಕೆ ಒಂದು ಲೇಪ, ಅದು ಉಂಗುರವಾಯಿತು. ಎರಡು ತಂತಿಗಳ ನಡುವಿನ ತೆರವುಗಳ ಎದುರಿಗೆ ಉಂಗುರದ ಲೇಪ ಒಂಟಿ ಬೀಳುತ್ತದಲ್ಲ, ಆ ಎರಡು ಜಾಗಗಳೇ ದುರ್ಬಲ ಕೊಂಡಿಗಳು. ಕೊರೆಯಲಿಲ್ಲ, ಕತ್ತರಿಸಲಿಲ್ಲ. ವಸ್ತುವಿನ ಆಕಾರವೇ ಉಪಕರಣವನ್ನು ತಾನಾಗಿ ಮುಗಿಸಿಕೊಟ್ಟಿತು. ಸೀಸ ಸಾಮಾನ್ಯ ಉಷ್ಣತೆಯಲ್ಲಿ ಗುಳ್ಳೆಗುಳ್ಳೆಯಾಗಿ ಗಟ್ಟಿಗೊಳ್ಳುವ ಹಟಮಾರಿ. ಅದಕ್ಕೆಂದು ಲೇಪ ಹಾಕುವಾಗಲೇ ತುದಿಯನ್ನು ಅತಿಶೀತಕ್ಕೆ ಇಳಿಸಿರುತ್ತಾರೆ. 2013ರಲ್ಲಿ ಪ್ರಕಟವಾದ ಒಂದು ತುದಿಯಲ್ಲಿ ಉಂಗುರದ ವ್ಯಾಸ 46 ನ್ಯಾನೋಮೀಟರ್. ಒಂದೇ ಒಂದು ಎಲೆಕ್ಟ್ರಾನಿನ ಸ್ಪಿನ್ ಹುಟ್ಟಿಸುವ ಕ್ಷೇತ್ರವನ್ನು ಗುರುತಿಸುವಷ್ಟು ಅದು ಸೂಕ್ಷ್ಮಗ್ರಾಹಿ. ಅಷ್ಟು ಪುಟ್ಟ ಉಂಗುರದೊಳಗೆ ಒಂದು ಸುಳಿಯ ಅಳತೆಯ ಅಭಿವಾಹ ತುಂಬಲು ಒಂದು ಟೆಸ್ಲಾಗಿಂತ ಹೆಚ್ಚಿನ ಕ್ಷೇತ್ರ ಬೇಕು ಎಂದರೆ ಅದು ಎಷ್ಟು ಸಣ್ಣದು ಎಂಬುದು ಅರ್ಥವಾದೀತು.

ಈ ಸೂಜಿಯನ್ನು ಮೈಗೆ ತಾಗಿಸದೆ ತೇಲಿಸಲು ಅದರ ಪಕ್ಕಕ್ಕೆ ಒಂದು ಶ್ರುತಿಕವೆಯನ್ನು ಆನಿಸಿರುತ್ತಾರೆ. ಕೈಗಡಿಯಾರಗಳಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕ ಕವೆಯ ಜಾತಿಯದೇ ಅದು. ಸೂಜಿ ಮೈಯನ್ನು ಸಮೀಪಿಸಿದೊಡನೆ ಕವೆಯ ಶ್ರುತಿ ಸ್ವಲ್ಪ ಕದಲುತ್ತದೆ. ಅಲ್ಲಿಗೆ ನಿಲ್ಲಿಸಿ, ಸ್ವಲ್ಪ ಹಿಂದೆಗೆದು, ಸಾಲು ಸಾಲಾಗಿ ಓಡಾಡಿಸುತ್ತಾರೆ. 2017ರಲ್ಲಿ ಇದೇ ತಂತ್ರದಿಂದ ಸೀಸದ ಹಾಳೆಯೊಂದರಲ್ಲಿ ಓಡುವ ಸುಳಿಗಳ ಜಾಡನ್ನು ಚಿತ್ರಿಸಿದರು. ವೇಗ ಸೆಕೆಂಡಿಗೆ ಹತ್ತಾರು ಕಿಲೋಮೀಟರ್! ಒಂದೊಂದು ಸುಳಿಯನ್ನು ಬಿಡಿಯಾಗಿ ಹಿಡಿಯುವುದು ಆ ವೇಗದಲ್ಲಿ ಸಾಧ್ಯವಿಲ್ಲ. ಅವು ಸವೆಸಿದ ಹಾದಿಯಷ್ಟೇ ಚಿತ್ರದಲ್ಲಿ ಉಳಿಯುತ್ತದೆ: ಅಂಚಿನ ಒಂದು ಇಕ್ಕಟ್ಟಿನಲ್ಲಿ ಬುಡ, ಮುಂದೆ ಒಂದು ಕವಲು, ಕವಲಿಗೆ ಮತ್ತೊಂದು ಕವಲು. ಸೀಸವನ್ನು ನೋಡುತ್ತಿರುವ ಕಣ್ಣೂ ಸೀಸದ್ದೇ ಎಂಬುದು ನನಗೆ ಈ ಚಿತ್ರದ ಒಗ್ಗರಣೆ.

ಇನ್ನು ಜೋಡಿಪದರಕ್ಕೆ ಬರೋಣ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಯೊನಾಥನ್ ಅನಾಹೋರಿ ಅವರ ತಂಡ ಮತ್ತು ಜೊತೆಗಾರರು 2023ರಲ್ಲಿ ಸೂಜಿತುದಿಯ ಸ್ಕ್ವಿಡ್ಡನ್ನು ಒಯ್ದದ್ದು ನಿಯೋಬಿಯಂ ಮತ್ತು ಯೂರೋಪಿಯಂ ಸಲ್ಫೈಡ್ ಜೋಡಿಯ ಮೇಲಕ್ಕೆ. ಹೌದು, ಹಿಂದೆ ಪ್ರೇಕ್ಷಕನಾಗಿ ಕೂತಿದ್ದ ಅದೇ ಯೂರೋಪಿಯಂ ಸಲ್ಫೈಡ್. ಇಲ್ಲಿ ಅದು ರಂಗಕ್ಕಿಳಿದಿದೆ. ಹುಡುಕುತ್ತಿದ್ದದ್ದು ಅತಿವಾಹಕ ಡಯೋಡ್: ಒಂದು ದಿಕ್ಕಿಗೆ ಹರಿಸಿದ ಪ್ರವಾಹಕ್ಕೆ ತಡೆಯೇ ಇಲ್ಲ, ಅಷ್ಟೇ ಪ್ರವಾಹವನ್ನು ತಿರುಗಿಸಿ ಹರಿಸಿದರೆ ತಡೆ ತಲೆಯೆತ್ತುತ್ತದೆ. ಅತಿವಾಹಕ-ಅಯಸ್ಕಾಂತ ಜೋಡಿಗಳಲ್ಲಿ ಇಂಥ ಪಕ್ಷಪಾತ ಕಂಡು ಹತ್ತು ವರ್ಷದ ಮೇಲಾಗಿತ್ತು. ಆದರೆ ಕಾರಣದ ಬಗ್ಗೆ ಜಿಜ್ಞಾಸೆ ಮುಗಿದಿರಲಿಲ್ಲ. ಎರಡು ತುದಿಗೆ ವೋಲ್ಟ್‌ಮೀಟರ್ ಇಟ್ಟರೆ ಪಕ್ಷಪಾತ ಇದೆ ಎಂಬುದಷ್ಟೇ ತಿಳಿಯುತ್ತದೆ, ಎಲ್ಲಿ, ಹೇಗೆ ಎಂಬುದು ತಿಳಿಯುವುದಿಲ್ಲ. ಸೂಜಿ ಅದನ್ನು ಕಾಣಿಸಿತು. ಒಂದು ದಿಕ್ಕಿನ ಪ್ರವಾಹದಲ್ಲಿ ಸುಳಿಗಳು ಪಟ್ಟಿಯ ಅಡ್ಡಕ್ಕೆ ಹರಿಯತೊಡಗುತ್ತವೆ. ಸುಳಿ ಚಲಿಸಿದರೆ ಶಕ್ತಿ ವ್ಯಯ, ಶಕ್ತಿ ವ್ಯಯವಾದರೆ ತಡೆ. ಇನ್ನೊಂದು ದಿಕ್ಕಿನಲ್ಲಿ ಅಷ್ಟೇ ಪ್ರವಾಹಕ್ಕೆ ಅವು ಕದಲುವುದಿಲ್ಲ.

ಇದರ ಹಿಂದಿನ ಯುಕ್ತಿಯನ್ನು ನಾನು ಚಪ್ಪರಿಸಿ ಚಪ್ಪರಿಸಿ ಸವಿಯುತ್ತೇನೆ. ಅಯಸ್ಕಾಂತದಿಂದ ಸೋರಿದ ಕ್ಷೇತ್ರಕ್ಕೆ ಉತ್ತರವಾಗಿ ನಿಯೋಬಿಯಂನಲ್ಲಿ ಮೊದಲೇ ಒಂದು ತಡೆಪ್ರವಾಹ, ಅಂದರೆ ಆ ಕ್ಷೇತ್ರವನ್ನು ಒಳಬರದಂತೆ ತಡೆಯುವ ಪ್ರವಾಹ, ಸದ್ದಿಲ್ಲದೆ ಹರಿಯುತ್ತಿರುತ್ತದೆ. ಹೊರಗಿನಿಂದ ನಾವು ಕಳಿಸುವ ಪ್ರವಾಹ ಬಂದು ಅದರ ಜೊತೆ ಸೇರುತ್ತದೆ. ಒಂದು ದಿಕ್ಕಿನಲ್ಲಿ ಎರಡೂ ಕೂಡಿ ಉಬ್ಬುತ್ತವೆ, ಇನ್ನೊಂದು ದಿಕ್ಕಿನಲ್ಲಿ ಒಂದನ್ನೊಂದು ಕಳೆದುಕೊಂಡು ಇಳಿಯುತ್ತವೆ. ಪಟ್ಟಿಯ ಅಂಚಿನಲ್ಲಿ ಸುಳಿಗಳು ಒಳನುಗ್ಗದಂತೆ ಕಾಯುವ ಒಂದು ಅದೃಶ್ಯ ಹೊಸ್ತಿಲಿದೆ. ಉಬ್ಬಿದ ಪ್ರವಾಹ ಆ ಹೊಸ್ತಿಲನ್ನು ದಾಟಿಸುತ್ತದೆ, ಇಳಿದದ್ದು ದಾಟಿಸದು. ಹಾಗಾದರೆ ಪಕ್ಷಪಾತ ತಂದಿಟ್ಟಿದ್ದು ಯಾವುದೋ ನಿಗೂಢ ಶಕ್ತಿಯಲ್ಲ, ನಾವು ಸ್ವಿಚ್ ಹಾಕುವುದಕ್ಕೂ ಮುಂಚೆ ಅಲ್ಲಿ ಹರಿಯುತ್ತಿದ್ದ ಉತ್ತರ. ಭವ್ಯವಾದ ವಿವರಣೆ ಬಯಸುವವರಿಗೆ ಇದು ಸಪ್ಪೆ ಎನಿಸಬಹುದು. ನನಗಂತೂ ಸರಳ ಕಾರಣವೊಂದು ಇಷ್ಟು ಅಂದವಾಗಿ ಬಯಲಾಗುವುದಕ್ಕಿಂತ ದೊಡ್ಡ ಸುಖವಿಲ್ಲ.

ಜೋಡಿಯನ್ನು ಚಿತ್ರಿಸುವಾಗ ಒಂದು ಪೇಚು ಇದ್ದೇ ಇದೆ. ಸೂಜಿಗೆ ತಗಲುವ ಕ್ಷೇತ್ರದಲ್ಲಿ ಎಷ್ಟು ಪಾಲು ಪ್ರವಾಹದ್ದು, ಎಷ್ಟು ಪಾಲು ಅಯಸ್ಕಾಂತದ್ದು? ಇಲ್ಲಿ ವಸ್ತುಗಳ ಆಯ್ಕೆಯೇ ಸಹಾಯಕ್ಕೆ ಬರುತ್ತದೆ. ಯೂರೋಪಿಯಂ ಸಲ್ಫೈಡ್ ಸುಮಾರು 16.5 ಕೆಲ್ವಿನ್‌ನಲ್ಲಿ ಅಯಸ್ಕಾಂತವಾಗುತ್ತದೆ. ನಿಯೋಬಿಯಂ ಅತಿವಾಹಕವಾಗುವುದು 9.2ರ ಹೊತ್ತಿಗೆ. ಇವೆರಡರ ನಡುವಿನ ಹಾದಿಯಲ್ಲಿ ಅಯಸ್ಕಾಂತ ಒಂಟಿಯಾಗಿ ಹಾಡುತ್ತದೆ. ಅದನ್ನು ಕೇಳಿಟ್ಟುಕೊಂಡು, ಕೆಳಗಿಳಿದು ಇಬ್ಬರ ಹಾಡನ್ನು ಕೇಳಿ, ಒಂದರಿಂದ ಒಂದನ್ನು ಕಳೆಯಬಹುದು. ಇಲ್ಲವೇ ಕಳಿಸುವ ಪ್ರವಾಹವನ್ನು ಗೊತ್ತಾದ ತಾಳದಲ್ಲಿ ತೂಗಿಸಿ, ಕ್ಷೇತ್ರದಲ್ಲಿ ಅದೇ ತಾಳಕ್ಕೆ ತೂಗುವ ಭಾಗವನ್ನಷ್ಟೇ ಹೆಕ್ಕಬಹುದು. ಕಳೆಯುವ ಲೆಕ್ಕ ಸರಿಯಾಗಬೇಕಾದರೆ ಅತಿವಾಹಕ ಬಂದ ಮೇಲೂ ಅಯಸ್ಕಾಂತ ತನ್ನ ಪಾಡಿಗಿರಬೇಕು. ಎಲ್ಲ ಅಯಸ್ಕಾಂತಗಳೂ ಹಾಗೆ ಇರುವುದಿಲ್ಲ. ಅತಿವಾಹಕದ ಒತ್ತಡಕ್ಕೆ ಅಯಸ್ಕಾಂತ ತನ್ನನ್ನೇ ಸಣ್ಣ ಸಣ್ಣದಾಗಿ ಒಡೆದುಕೊಂಡೀತು ಎಂದು ಆಂಡರ್ಸನ್ ಮತ್ತು ಸುಲ್ 1959ರಲ್ಲೇ ಹೇಳಿದ್ದರು.

ಆ ಮಾತಿಗೆ ಹತ್ತಿರದ ಒಂದು ದೃಶ್ಯ 2018ರಲ್ಲಿ ಕಣ್ಣಿಗೆ ಬಿತ್ತು. ಯೂರೋಪಿಯಂ, ಕಬ್ಬಿಣ, ಆರ್ಸೆನಿಕ್ ಸೇರಿದ, ಸ್ವಲ್ಪ ರಂಜಕ ಬೆರೆತ ಹರಳು ಅದು. ಪದರ ಹಚ್ಚುವ ಗೋಜೇ ಇಲ್ಲ, ಅಯಸ್ಕಾಂತವೂ ಅತಿವಾಹಕವೂ ಒಂದೇ ಮೈಯಲ್ಲಿ. ಸುಮಾರು 24 ಕೆಲ್ವಿನ್‌ನಲ್ಲಿ ಅತಿವಾಹಕ, ಸುಮಾರು 18ಕ್ಕೆ ಅಯಸ್ಕಾಂತ. ಸ್ತೊಲ್ಯಾರೊವ್ ಮತ್ತು ಸಂಗಡಿಗರು ಕಾಂತೀಯ ಸೂಜಿಯಿಂದ ತಡವಿ ನೋಡಿದಾಗ, ಅಯಸ್ಕಾಂತತೆ ಮೂಡಿದ ಒಂದು ಕಿರಿದಾದ ಉಷ್ಣತಾ ಅಂತರದಲ್ಲಿ ಮೈತುಂಬ ನವಿರಾದ ಪಟ್ಟೆಗಳು ಕಂಡವು. ಪಟ್ಟೆ ಪಟ್ಟೆಯಲ್ಲೂ ತಡೆಪ್ರವಾಹ ಎದುರುಬದುರು ಹರಿಯುತ್ತದೆ. ಇನ್ನೊಂದಿಷ್ಟು ತಣಿದಾಗ ಪಟ್ಟೆಗಳು ಅಗಲವಾಗಿ, ಅವುಗಳೊಳಗೆ ಸುಳಿಗಳು ಮತ್ತು ಅವಕ್ಕೆ ಎದುರು ದಿಕ್ಕಿಗೆ ಸುತ್ತುವ ತಿರುಗುಸುಳಿಗಳು ಹೊರಗಿನ ಕ್ಷೇತ್ರದ ಹಂಗಿಲ್ಲದೆ ತಾವಾಗಿ ಹುಟ್ಟಿದವು. ಒಂದೇ ಮೈಯಲ್ಲಿ ಇಬ್ಬರೂ ಬಾಳುವ ವಸ್ತುಗಳ ಕುಟುಂಬದಲ್ಲಿ ನಮ್ಮ ದೇಶದ ಪಾಲೂ ಇದೆ ಎಂದು ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1994ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಾಗರಾಜನ್ ಮತ್ತು ಸಹೋದ್ಯೋಗಿಗಳು ನಿಕಲ್-ಬೋರಾನ್-ಕಾರ್ಬನ್ ಅತಿವಾಹಕಗಳನ್ನು ಕಂಡರು. ಅಮೆರಿಕದ ಬೆಲ್ ಪ್ರಯೋಗಾಲಯದಿಂದಲೂ ಅದೇ ವರ್ಷ ಅದೇ ಸುದ್ದಿ ಬಂತು. ಆ ಕುಟುಂಬದ ಎರ್ಬಿಯಂ ಸದಸ್ಯನ ಮೇಲೆ ಹಳೆಯ ಕಬ್ಬಿಣದ ಹೊಗೆ ಹಾಯಿಸಿದಾಗ, ಸುಳಿಗಳು ಕಾಂತವಲಯಗಳ ಗಡಿಗುಂಟ ಸಾಲುಗಟ್ಟಿ ನಿಂತದ್ದು ಕಾಣಿಸಿತು.

ಕೊನೆಗೆ ಗಾರ್ನೆಟ್. ಅದೂ ರಂಗಕ್ಕಿಳಿಯಿತು, 2023ರಲ್ಲಿ, ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ. ಟೂನೊ ವಾನ್ ಡರ್ ಸಾರ್ ಅವರ ಬಳಗ ಇಟ್ರಿಯಂ-ಕಬ್ಬಿಣ ಗಾರ್ನೆಟ್ಟಿನ ತೆಳುಹಾಳೆಯ ಮೇಲೆ ಮಾಲಿಬ್ಡಿನಂ-ರೇನಿಯಂ ಅತಿವಾಹಕದ ಪಟ್ಟಿ ಹಾಸಿ, ಹಾಳೆಯಲ್ಲಿ ಸ್ಪಿನ್‌ಗಳ ಅಲೆ ಎಬ್ಬಿಸಿತು. ಸ್ಪಿನ್ ಅಲೆ ಅಲ್ಪಸ್ವಲ್ಪದಲ್ಲೇ ಸಾಯದೆ ದೂರ ಹೋಗುವುದು ಗಾರ್ನೆಟ್ಟಿನ ಹಿರಿಮೆ. ನೋಡುವ ಕಣ್ಣು ಈ ಬಾರಿ ವಜ್ರದ್ದು. ವಜ್ರದಲ್ಲಿ ಒಂದು ಇಂಗಾಲದ ಜಾಗದಲ್ಲಿ ನೈಟ್ರೋಜನ್ ಕೂತು ಪಕ್ಕದ ಮನೆ ಖಾಲಿ ಉಳಿದರೆ, ಅಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳ ಸ್ಪಿನ್ 2.87 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಮಿಡಿಯುತ್ತದೆ. ಒಂದು ಟೆಸ್ಲಾಗೆ 28 ಗಿಗಾಹರ್ಟ್ಸ್‌ನಂತೆ ಆ ಮಿಡಿತ ಕ್ಷೇತ್ರದೊಡನೆ ಸರಿಯುತ್ತದೆ. ಹಸಿರು ಲೇಸರ್ ಹಾಯಿಸಿದರೆ ಕೆಂಬೆಳಕು ಹೊರಬರುತ್ತದೆ. ಮಿಡಿತಕ್ಕೆ ಶ್ರುತಿ ಸೇರಿದ ಅಲೆ ಹಾಯ್ದಲ್ಲಿ ಆ ಕೆಂಪು ಸ್ವಲ್ಪ ಮಂಕಾಗುತ್ತದೆ.

ಸ್ಪಿನ್ ಅಲೆ ಅತಿವಾಹಕದ ಅಡಿಗೆ ಬಂದೊಡನೆ ಅದರ ಕ್ಷೇತ್ರಕ್ಕೆ ಮೇಲಿನಿಂದ ಪ್ರವಾಹದ ಉತ್ತರ ಬರುತ್ತದೆ. ಸ್ಥಿರ ಕ್ಷೇತ್ರಕ್ಕೆ ಕೊಡುವ ಉತ್ತರವನ್ನೇ ಸೆಕೆಂಡಿಗೆ ನೂರಾರು ಕೋಟಿ ಸಲ ದಿಕ್ಕು ಬದಲಿಸುತ್ತ ಕೊಡುವುದು. ಅಲೆಯೂ ಪ್ರವಾಹವೂ ಹೆಣೆದುಕೊಂಡು ಒಂದೇ ಜಂಟಿ ಅಲೆಯಾಗುತ್ತವೆ, ಅದರ ಗೆರೆಗಳ ನಡುವಿನ ಅಂತರ ಹಿಗ್ಗುತ್ತದೆ. ತಾಪ ಏರಿಸಿದರೆ ಅತಿವಾಹಕದ ಉತ್ತರ ಕುಗ್ಗುತ್ತದೆ, ಅಂತರವೂ ಕುಗ್ಗುತ್ತದೆ. ಲೇಸರಿನ ಬೊಟ್ಟಿನಿಂದ ಒಂದು ಜಾಗವನ್ನಷ್ಟೇ ಕೊಂಚ ಬೆಚ್ಚಗೆ ಮಾಡಿ, ಅಲೆಗಳು ಅಲ್ಲಿಗೆ ಬಂದು ಬಾಗಿ ಮುಂದೆ ಹೋಗುವುದನ್ನೂ ಆ ತಂಡ ತೋರಿಸಿತು. ನಿಯತಕಾಲಿಕದ ಪುಟದಲ್ಲಿ ಇಂಥ ಚಿತ್ರಗಳಿಗೆ ಸಿಗುವುದು ನಾಲ್ಕೈದು ಗ್ರಾಫುಗಳ ನಡುವೆ ಎರಡು ಬೆರಳಗಲ ಜಾಗ. ಪಟ್ಟಿಯ ಆಚೆ ಬಿಗಿಯಾಗಿದ್ದ ಗೆರೆಗಳು ಪಟ್ಟಿಯಡಿ ಬಂದು ಸಡಿಲಗೊಳ್ಳುವ ಆ ಒಂದು ಅಂಚನ್ನಾದರೂ ಯಾರಾದರೂ ಗೋಡೆಯಗಲಕ್ಕೆ ಅಚ್ಚುಹಾಕಿಸಬೇಕು.